ಆ ಕಡೆಯ ಬೀರು: ಯುವ ಬರಹಗಾರನಿಗೊಂದು ಪತ್ರ

ಚಿತ್ರದುರ್ಗ

ಪ್ರೀತಿಯ ತಮ್ಮಾ,

ನಿನ್ನ ಹನ್ನೊಂದು ಕಥೆಗಳೂ ಬಂದವು. ಜೊತೆಗಿದ್ದ ನಾಲ್ಕು ಪುಟದ ಕಾಗದವೂ ಬಂತು. ಕಥೆಗಳನ್ನು ಎರಡು ಸಲ ಓದಿದೆ, ಕಾಗದವನ್ನು ಮೂರು ಸಲ. ಕಾಗದ ಕಥೆಗಳಿಗಿಂತ ಚೆನ್ನಾಗಿದೆ, ಅದಕ್ಕೆ. ಬೇಜಾರು ಮಾಡಿಕೊಳ್ಳಬೇಡ, ಮುಂದೆ ಓದು.

ನೀನು ಕೇಳಿದ ಪ್ರಶ್ನೆಗಳನ್ನು ಮೊದಲು ಮುಗಿಸಿಬಿಡುತ್ತೇನೆ. ಯಾವ ಪ್ರಕಾಶಕರಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಬೇಕೋ ಯೂನಿಕೋಡಿನಲ್ಲೋ, ಮುನ್ನುಡಿ ಯಾರ ಹತ್ತಿರ ಬರೆಸಬೇಕು. ಇವೆಲ್ಲ ಒಂದು ಫೋನಿನಲ್ಲಿ ಮುಗಿಯುವ ವಿಷಯ. ಪುಸ್ತಕ ಮಾಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಮನಸ್ಸಿಗೆ ನಾಟಿದ್ದು ನಿನ್ನ ಕಾಗದದ ಕೊನೆಯ ಸಾಲು. "ಮೇಡಂ, ಏನು ಬರೆಯಕ್ಕೆ ಕೂತರೂ ಹಿಂದೆ ಬರೆದಿದ್ದೇ ಬರ್ತೈತಿ. ನನ್ನೊಳಗೆ ಇದ್ದಿದ್ದು ಒಂದೇ ಕಥೆ ಇರಬೇಕು, ಅದೂ ಖಾಲಿ ಆತು ಅನ್ಸತ್ತೆ."

ಖಾಲಿ ಆಗಿಲ್ಲ ಕಣಪ್ಪಾ. ಮೂರು ವರ್ಷದಿಂದ ಸಣ್ಣಕಥೆ ಬಿಟ್ಟು ಬೇರೇನೂ ಓದಿಲ್ಲ, ಅದರಲ್ಲೂ ಇಬ್ಬರು ಲೇಖಕರನ್ನೇ ಮತ್ತೆ ಮತ್ತೆ ಓದಿದ್ದೀನಿ ಅಂತ ನೀನೇ ಬರೆದಿದ್ದೀಯ. ಹೆಮ್ಮೆಯಿಂದ ಬರೆದಿದ್ದೀಯ. ನಿನ್ನ ಹನ್ನೊಂದು ಕಥೆಗಳಲ್ಲಿ ಏಳು ಜಡಿಮಳೆಯಲ್ಲಿ ಮುಗಿಯುತ್ತವೆ. ದಾವಣಗೆರೆಯಲ್ಲಿ ಅಷ್ಟು ಮಳೆ ಎಲ್ಲಿದೆ ಹೇಳು? ಅದು ಮಲೆನಾಡಿನ ಮಳೆ. ನೀನು ಓದಿದ ಪುಸ್ತಕಗಳಲ್ಲಿ ಸುರಿದಿದ್ದು, ನಿನ್ನ ಹಾಳೆಯ ಮೇಲೂ ಸುರಿಯುತ್ತಿದೆ.

ಈ ವಿಷಯಕ್ಕೆ ನನಗೆ ಯಾಕಿಷ್ಟು ಸಿಟ್ಟು ಅಂತ ಹೇಳಿಬಿಡುತ್ತೇನೆ.

1971ರಲ್ಲಿ ನನಗೆ ಹದಿನೇಳು. ಮನೆ ಕೋಟೆಯ ಬುಡದಲ್ಲೇ. ಮೊದಲ ಸಲ ಒಬ್ಬಳೇ ಒಂದು ಲೈಬ್ರರಿಗೆ ಹೋದೆ. ಬಾಗಿಲ ಹತ್ತಿರದ ಬೀರುವಿನಲ್ಲಿ ಶಾಸನಗಳ ದಪ್ಪ ಸಂಪುಟಗಳಿದ್ದವು. ಕೆಂಪು ರಟ್ಟು. ಕೈ ಹಾಕಿದೆ. ಮೇಜಿನ ಹಿಂದೆ ಕೂತಿದ್ದವರು ತಲೆ ಕೂಡ ಎತ್ತದೆ, "ಹೆಣ್ಣುಮಕ್ಕಳ ಪುಸ್ತಕ ಆ ಕಡೆ ಬೀರುನಲ್ಲಿದೆ" ಅಂತ ಬೆರಳು ತೋರಿಸಿದರು. ನಾನು ಆ ಕಡೆಗೆ ಹೋದೆ. ಎರಡು ವರ್ಷ ಆ ಬೀರು ಬಿಟ್ಟು ಕದಲಲಿಲ್ಲ. ಅಲ್ಲಿದ್ದ ಕಾದಂಬರಿಗಳ ಮೇಲೆ ನನಗೆ ಕೋಪವಿಲ್ಲ. ಓದುವ ಚಟ ಹತ್ತಿಸಿದ್ದು ಅವೇ. ಕೋಪ ಇರುವುದು ಆ ಬೆರಳಿನ ಮೇಲೆ. ಐವತ್ತು ವರ್ಷ ದಾಟಿದರೂ ಹೋಗಿಲ್ಲ.

1986ರಲ್ಲಿ ನನ್ನ ಮೊದಲ ಸಂಕಲನ ಬಂತು. ಬಿಡುಗಡೆ ನಿಮ್ಮೂರಲ್ಲೇ. ಆಗ ದಾವಣಗೆರೆ ನಮ್ಮ ಜಿಲ್ಲೆಗೇ ಸೇರಿತ್ತು, ಬೇರೆಯಾಗಿದ್ದು 1997ರಲ್ಲಿ. ಅಧ್ಯಕ್ಷತೆ ವಹಿಸಿದ್ದವರು, ಹೆಣ್ಣಿನ ಒಳಮನೆಯನ್ನು ಇವರಷ್ಟು ಬಲ್ಲವರಿಲ್ಲ ಅಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಎಷ್ಟು ಸಂತೋಷವಾಯಿತು ಅಂದರೆ ಮುಂದೆ ಹದಿನಾಲ್ಕು ವರ್ಷ ಒಳಮನೆ ಬಿಟ್ಟು ಹೊರಗೆ ಬರಲಿಲ್ಲ. ಓದಿದ್ದೂ ಅದನ್ನೇ, ಬರೆದಿದ್ದೂ ಅದನ್ನೇ. ಈ ಸಲ ಬೀರು ತೋರಿಸಿದ್ದು ಹೊಗಳಿಕೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದು ನಾನೇ. ಬೈದವರ ಮಾತಾದರೆ ಅನುಮಾನ ಬರುತ್ತಿತ್ತು, ಅಲ್ವಾ? ಹೊಗಳಿದವರ ಮಾತು ಸುಮ್ನೆ ನಂಬಿಕೊಂಡೆ.

ಆಮೇಲೆ ಒಂದು ಕಥೆಯಲ್ಲಿ ಒಬ್ಬ ರೈತನನ್ನು ತಂದೆ. ಕಾರ್ತೀಕದಲ್ಲಿ ದೀಪ ಹಚ್ಚುವ ಹೊತ್ತಿಗೆ ಅವನು ಶೇಂಗಾ ಬಿತ್ತಿ ಮನೆಗೆ ಬರುತ್ತಾನೆ. ಒಂದು ವಾರಪತ್ರಿಕೆಯಲ್ಲಿ ಬಂತು. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು, ಹಿರಿಯೂರು ಕಡೆಯಿಂದ. "ಅಮ್ಮಾ, ನಮ್ಮ ಸೀಮೆಯಲ್ಲಿ ಮಳೆ ನಂಬಿದವನು ಶೇಂಗಾ ಬಿತ್ತೋದು ಮುಂಗಾರಿಗೆ. ಕಾರ್ತೀಕಕ್ಕೆ ಕಿತ್ತು ಒಟ್ಟಿರ್ತೀವಿ. ಕಥೆ ಚೆನ್ನಾಗಿದೆ, ಆದ್ರೆ ಅಲ್ಲಿಂದ ಮುಂದಕ್ಕೆ ಓದಕ್ಕೆ ಆಗ್ಲಿಲ್ಲ." ಇಷ್ಟೇ. ಆ ಕಾರ್ಡು ಇನ್ನೂ ನನ್ನ ಹತ್ತಿರ ಇದೆ.

ನಾನು ಇಪ್ಪತ್ತು ವರ್ಷ ಚಳ್ಳಕೆರೆ ಕಡೆ ಹೈಸ್ಕೂಲಿನಲ್ಲಿ ಪಾಠ ಹೇಳಿದವಳು. ಕ್ಲಾಸಿನ ಕಿಟಕಿಯ ಆಚೆಗೆಲ್ಲ ಶೇಂಗಾ ಹೊಲ. ನೋಡಿರಲಿಲ್ಲ. ಅವತ್ತು ಒಂದು ಬೇಸಾಯದ ಪುಸ್ತಕ ತಂದು ಓದಿದೆ. ಹೂವು ಗಿಡದ ಮೇಲೆ ಅರಳುತ್ತದೆ, ಹಳದಿ ಬಣ್ಣ. ಬಾಡಿದ ಮೇಲೆ ಆ ಹೂವಿನ ಬುಡದಿಂದ ಮೊಳೆಯಂಥದ್ದೊಂದು ಹೊರಟು, ಬಗ್ಗಿ, ನೆಲವನ್ನು ತೂರಿ ಒಳಗೆ ಹೋಗಿ, ಅಲ್ಲಿ ಕಾಯಾಗುತ್ತದೆ. ಬೆಳಕಿನಲ್ಲಿ ಹೂವು, ಕತ್ತಲಲ್ಲಿ ಕಾಯಿ. ಯಾವ ಕವಿಯ ಕೈಯಲ್ಲೂ ಕಾಣದಿದ್ದ ಸಾಲು ಗೊಬ್ಬರದ ಲೆಕ್ಕದ ಮಧ್ಯೆ ಸಿಕ್ಕಿತು. ಆವತ್ತಿನಿಂದ ವರ್ಷಕ್ಕೆ ಒಂದು ತಿಂಗಳು ಏನೂ ಬರೆಯುವುದಿಲ್ಲ. ನನ್ನದಲ್ಲದ ಪುಸ್ತಕಗಳನ್ನು ಓದುತ್ತೇನೆ. ನಾನು ಬರೆಯದ ಜಾತಿಯವು.

ಈ ವರ್ಷದ ಆ ತಿಂಗಳು ಈಗಷ್ಟೇ ಮುಗಿಯಿತು. ಎರಡನೇ ಕಣ್ಣಿನ ಪೊರೆ ತೆಗೆಸಿಕೊಂಡು, ಓದಬಹುದು ಅಂತ ಡಾಕ್ಟರು ಹೇಳಿದ ದಿನವೇ ಶುರು ಮಾಡಿದೆ.

ಮೊದಲು ಕೈಗೆ ಬಂದಿದ್ದು ಎನ್. ನರಸಿಂಹಯ್ಯನವರ ಎರಡು ಪತ್ತೇದಾರಿ ಕಾದಂಬರಿ. ಅವರು ಓದಿದ್ದು ನಾಲ್ಕನೇ ತರಗತಿ, ಬರೆದಿದ್ದು ನೂರಾರು ಕಾದಂಬರಿ. ನಮ್ಮಣ್ಣ ಇವನ್ನು ಬಾಡಿಗೆಗೆ ತಂದು ದಿಂಬಿನ ಕೆಳಗೆ ಇಡುತ್ತಿದ್ದ, ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಈಗ ರಾತ್ರಿ ಹನ್ನೊಂದರವರೆಗೆ ಎದ್ದು ಓದಿದೆ. ಓದುವವನಿಗೆ ಮುಂದೇನು ಅನ್ನಿಸುವ ಹಾಗೆ ಬರೆಯುವುದು ಕಡಿಮೆ ದರ್ಜೆಯ ಕೆಲಸ ಅಂತ ನಮ್ಮ ಕಾಲದಲ್ಲಿ ತಲೆಗೆ ತುಂಬಿದ್ದರು. ಎಂಥ ತಪ್ಪು! ನಿನ್ನ ಆರನೇ ಕಥೆಯಲ್ಲಿ ಮೂರು ಪುಟ ಒಬ್ಬನೇ ಕೂತು ಯೋಚನೆ ಮಾಡುತ್ತಾನೆ. ಅವನಿಗೆ ಏನಾದರೆ ನನಗೇನು ಅಂತ ಅನ್ನಿಸಿಬಿಟ್ಟಿತು.

ಮೊಮ್ಮಗಳು ಬಂದಿದ್ದಾಗ ಕುಮಾರವ್ಯಾಸನನ್ನು ಗಟ್ಟಿಯಾಗಿ ಓದಿದೆವು. ಭಾಮಿನಿ ಷಟ್ಪದಿಯಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಅಂತ ಮಾತ್ರೆ ಹೆಜ್ಜೆ ಹಾಕುತ್ತದೆ. ಎರಡು ಸಾಲು 14 ಮಾತ್ರೆ, ಮೂರನೆಯದು ಮಾತ್ರ 23ಕ್ಕೆ ಹೋಗಿ ನಿಲ್ಲುತ್ತದೆ. ಅವಳು ತೊಡೆ ತಟ್ಟಿ ಲೆಕ್ಕ ಹಿಡಿದಳು. ಅರ್ಥ ಅರ್ಧ ಆಗಲಿಲ್ಲ, ಆದರೂ ಮೂರನೇ ಸಾಲು ಬಂದಾಗ ಉಸಿರು ಎಳೆದುಕೊಳ್ಳುತ್ತಿದ್ದಳು. ನಿನ್ನ ವಾಕ್ಯಗಳು ಎಲ್ಲ ಒಂದೇ ಉದ್ದ ಇವೆ. ಒಂದು ಸಲ ಬಾಯಿಬಿಟ್ಟು ಓದಿ ನೋಡು, ನಿನಗೇ ಕೇಳಿಸುತ್ತದೆ.

ನಮ್ಮ ದುರ್ಗದ ಪತನದ ಕಾದಂಬರಿ, ತ.ರಾ.ಸು. ಅವರ 'ದುರ್ಗಾಸ್ತಮಾನ' ಮತ್ತೆ ಓದಿದೆ. ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ, ಅವರು ತೀರಿಕೊಂಡ ಮರು ವರ್ಷ. ದುರ್ಗದವಳಾಗಿ ಅದರ ಬಗ್ಗೆ ನಾನು ಜಾಸ್ತಿ ಹೇಳಬೇಕಿಲ್ಲ.

ಹೇಳಬೇಕಾದ್ದು ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ' ಬಗ್ಗೆ. ಮುಕುಂದೂರು ಸ್ವಾಮಿಗಳ ಜೊತೆಗಿನ ದಿನಗಳನ್ನು ಬರೆದ ಸಣ್ಣ ಪುಸ್ತಕ. ಅದು ಸ್ವಾಮಿಗಳ ಪುಸ್ತಕ, ಭಕ್ತರಿಗೆ ಅಂತ ನಾನೇ ತೀರ್ಮಾನ ಮಾಡಿ ಇಪ್ಪತ್ತು ವರ್ಷ ಮುಟ್ಟಲಿಲ್ಲ. ಬೆಳಗೆರೆ ಚಳ್ಳಕೆರೆ ತಾಲ್ಲೂಕಿನದೇ. ನನ್ನ ಕ್ಲಾಸಿನ ಮಕ್ಕಳು ಆಡುತ್ತಿದ್ದ ಮಾತು ಅದರಲ್ಲಿ ಹಾಗೆ ಹಾಗೇ ಇದೆ. ಆ ಮಾತನ್ನು ನಾನು ಮಕ್ಕಳ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ತಿದ್ದುತ್ತಿದ್ದೆ. ಆ ಪುಸ್ತಕ ಮುಚ್ಚಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ನಿನ್ನ ಕಾಗದದಲ್ಲಿ "ಬರ್ತೈತಿ" ಇದೆ. ಕಥೆಗಳಲ್ಲಿ ಒಂದೇ ಒಂದು "ಐತಿ" ಇಲ್ಲ. ನಿನ್ನ ಅವ್ವ ಕಥೆಯಲ್ಲಿ "ಬರುತ್ತದೆ ಮಗನೇ" ಅನ್ನುತ್ತಾಳೆ. ಯಾರ ಮನೆಯ ಅವ್ವ ಅವಳು?

ಇನ್ನೊಂದು ಇದಕ್ಕಿಂತ ದೊಡ್ಡ ನೋವು. ಯಲಗಟ್ಟೆಯ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಇದ್ದರು. ಅಕ್ಷರ ಕಲಿತವರಲ್ಲ, ಸಾವಿರಾರು ಹಾಡುಪದ ಬಾಯಲ್ಲಿತ್ತು. ನಮ್ಮ ಶಾಲೆಯಿಂದ ಬೆಳಗ್ಗೆ ಹೋಗಿ ಸಂಜೆಗೆ ಬರಬಹುದಿತ್ತು. ನಾಡೋಜ ಗೌರವ ಬಂದ ಸುದ್ದಿ ಪೇಪರಿನಲ್ಲಿ ನೋಡಿದಾಗಲೇ ನನಗೆ ಅವರು ಯಾರು ಅಂತ ಗೊತ್ತಾಗಿದ್ದು. ಆಮೇಲೂ ಹೋಗಲಿಲ್ಲ. ಬೇಸಿಗೆ ರಜಕ್ಕೆ ಹೋಗೋಣ, ದಸರಾ ರಜಕ್ಕೆ ಹೋಗೋಣ ಅಂತ ಅಂದುಕೊಂಡೇ ಅವರು ಹೋಗಿಬಿಟ್ಟರು. ಈಗ ಅಚ್ಚಾದ ಪದಗಳನ್ನು ಓದುತ್ತೇನೆ. ರಾಗ ಇಲ್ಲ.

ತಿಂಗಳ ಕೊನೆಗೆ ಇಟ್ಟುಕೊಂಡಿದ್ದು ಶಾಸನಗಳನ್ನು. ಹದಿನೇಳರಲ್ಲಿ ಕೈಯಿಂದ ತಪ್ಪಿದ್ದನ್ನು. ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಕಂಡುಹಿಡಿದಿದ್ದು. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ನುಡಿಯಬೇಕು ಅಂತ ಅದರಲ್ಲಿದೆ. ಇಷ್ಟು ಶಾಲೆಯ ಪಾಠದಲ್ಲೂ ಇರುತ್ತದೆ. ಪಾಠದಲ್ಲಿ ನಾನು ಹೇಳದೇ ಬಿಟ್ಟಿದ್ದು ಕೊನೆಯ ಸಾಲು. ಅಲ್ಲಿ ಬರೆದವನು ತನ್ನ ಹೆಸರು ಹಾಕಿದ್ದಾನೆ. ಚಪಡ. ಶಾಸನವೆಲ್ಲ ಬ್ರಾಹ್ಮಿ ಲಿಪಿ. 'ಲಿಪಿಕಾರ' ಅನ್ನುವ ಆ ಒಂದು ಮಾತು ಮಾತ್ರ ಖರೋಷ್ಠಿಯಲ್ಲಿದೆ. ಅದು ವಾಯವ್ಯ ಗಡಿಯ ಕಡೆಯ ಲಿಪಿ, ಬಲದಿಂದ ಎಡಕ್ಕೆ ಬರೆಯುತ್ತಾರೆ. ನಮ್ಮ ಈ ಕಡೆ ಅದನ್ನು ಓದಬಲ್ಲವರು ಯಾರಿದ್ದರು? ಆದರೂ ಬರೆದಿದ್ದಾನೆ. ಎರಡು ಸಾವಿರ ವರ್ಷದ ಮೇಲಾಯಿತು. ರಾಜ ಹೇಳಿದ್ದನ್ನೆಲ್ಲ ರಾಜನ ಲಿಪಿಯಲ್ಲಿ ಬರೆದು ಮುಗಿಸಿ, ತನ್ನ ಕಸುಬಿನ ಹೆಸರನ್ನು ತನಗೆ ಬರುವ ಲಿಪಿಯಲ್ಲಿ ಬರೆದ. ಓದುತ್ತಾ ಓದುತ್ತಾ ಕಣ್ಣಲ್ಲಿ ನೀರು ಬಂತು ಕಣೋ. ಆಪರೇಷನ್ ಆದ ಕಣ್ಣು, ಒರೆಸಿಕೊಳ್ಳಲೂ ಭಯ. ಕಥೆ ಬರೆಯುವವಳು ಇದನ್ನು ಯಾಕೆ ಓದಬೇಕು ಅಂತ ಆವತ್ತು ಕೇಳಿದ್ದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನಿನ್ನ ವಿಷಯ. ಈ ವರ್ಷ 50 ಪುಸ್ತಕದ ಗುರಿ, ಈಗಾಗಲೇ 31 ಆಗಿದೆ ಅಂತ ಬರೆದಿದ್ದೀಯ. ಆ ಲೆಕ್ಕ ನಿಲ್ಲಿಸು. ಕರೆಂಟ್ ಬಿಲ್ಲು ಕಟ್ಟುವ ಹಾಗೆ ಓದಬೇಡ. ಒಂದು ತಿಂಗಳು ಕಥೆ ಬರೆಯಬೇಡ, ಕಥೆ ಓದಲೂ ಬೇಡ. ಏನು ಓದಬೇಕು ಅಂತ ಪಟ್ಟಿ ಕಳಿಸಿ ಅಂದಿದ್ದೀಯ, ಕಳಿಸುವುದಿಲ್ಲ. ಕಳಿಸಿದರೆ ನಾನೂ ಆ ಬೆರಳೇ ಆಗುತ್ತೇನೆ. ನಿನ್ನ ಕೈ ಎತ್ತ ಹೋಗುತ್ತದೋ ಅತ್ತ ಹೋಗಲಿ. ಬೇಜಾರಾದರೆ ಅರ್ಧಕ್ಕೆ ಬಿಡು. ಆದರೆ ಓದದೇ ಇದ್ದಿದ್ದನ್ನು ಓದಿದೆ ಅನ್ನಬೇಡ. ಆ ಸುಳ್ಳು ನಾನು ಹೇಳಿದ್ದೇನೆ, ಒಮ್ಮೆ ಒಂದು ಗೋಷ್ಠಿಯಲ್ಲಿ. ಹೇಳಿದ ಮೇಲೆ ಆ ಪುಸ್ತಕ ಎದುರಿಗಿದ್ದರೂ ತೆರೆಯಲು ಮನಸ್ಸು ಬರಲಿಲ್ಲ.

ಒಂದೇ ಒಂದನ್ನು ಮಾತ್ರ ಓದು ಅಂತ ಕೇಳುತ್ತೇನೆ. ನಿನ್ನ ನಾಲ್ಕನೇ ಕಥೆಯಲ್ಲಿ ಅರ್ಧ ಪುಟ ಮಂಡಕ್ಕಿ ಭಟ್ಟಿ ಬರುತ್ತದೆ. ಕಾದ ಮರಳಿಗೆ ಅಕ್ಕಿ ಬೀಳುವ ಸದ್ದು. ಜರಡಿ ಆಡಿಸುವಾಗ ಮರಳು ಕೆಳಗೆ, ಮಂಡಕ್ಕಿ ಮೇಲೆ. ಸಂಜೆ ಅಪ್ಪ ಮುಖ ತೊಳೆದರೂ ಹುಬ್ಬಿನಲ್ಲಿ ಉಳಿಯುವ ಮಸಿ, ಅದನ್ನು ಅವ್ವ ಸೆರಗಿನ ತುದಿಯಲ್ಲಿ ಉಜ್ಜುವುದು. ಆ ಅರ್ಧ ಪುಟದಲ್ಲಿ ಮಳೆ ಇಲ್ಲ. ಯಾರ ಬೀರುವಿನದೂ ಅಲ್ಲ. ಓದುವಾಗ ನಾನು ಎದ್ದು ನಿಂತುಬಿಟ್ಟೆ. ಅದನ್ನು ಬರೆದು ಯಾಕೆ ಅಷ್ಟು ಬೇಗ ಓಡಿಹೋದೆ? ನಾಚಿಕೆ ಆಯಿತಾ? ನಿಮ್ಮಪ್ಪ ಕೆಲಸ ಮಾಡುವ ಭಟ್ಟಿಯಲ್ಲಿ ಲೆಕ್ಕದ ಪುಸ್ತಕ ಒಂದು ಇದ್ದೇ ಇರುತ್ತದೆ. ಎಷ್ಟು ಚೀಲ ಬಂತು, ಎಷ್ಟು ಹೋಯಿತು, ಯಾರಿಗೆ ಎಷ್ಟು ಬಟವಾಡೆ, ಯಾರು ಮುಂಗಡ ತಗೊಂಡರು, ಯಾವ ಹಬ್ಬಕ್ಕೆ ತಗೊಂಡರು. ಅದನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದು. ಕಾದಂಬರಿ ಓದುವ ಹಾಗೆ ಓದು. ಮಾಲೀಕರು ಒಪ್ಪದಿದ್ದರೆ ನಿಮ್ಮಪ್ಪನನ್ನು ಕೂರಿಸಿಕೊಂಡು ಬಾಯಲ್ಲಿ ಹೇಳಿಸು.

ಹತ್ತು ಕಥೆಗಳನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ಸು ಕಳಿಸಿದ್ದೇನೆ. ನಾಲ್ಕನೆಯದು ನನ್ನ ಹತ್ತಿರವೇ ಇದೆ. ತಿಂಗಳು ಮುಗಿದ ಮೇಲೆ ಬಂದು ತಗೊಂಡು ಹೋಗು. ದಾವಣಗೆರೆಯಿಂದ ಬಸ್ಸು ಹತ್ತಿದರೆ ಒಂದೂವರೆ ಗಂಟೆ. ಭಾನುವಾರ ಬಾ, ಬೆಳಗ್ಗೆಯೇ ಬಾ, ಬಿಸಿಲೇರಿದ ಮೇಲೆ ನನ್ನ ಕಣ್ಣಿಗೆ ಹೊರಗೆ ಆಗುವುದಿಲ್ಲ. ಬರುವಾಗ ನಿಮ್ಮಪ್ಪನ ಭಟ್ಟಿಯ ಮಂಡಕ್ಕಿ ಒಂದು ಸೇರು ತಾ. ದುಡ್ಡು ಕೊಡುತ್ತೇನೆ, ಬೇಡ ಅನ್ನಬಾರದು.

ಪ್ರೀತಿಯಿಂದ,
ನಿನ್ನ ಮೇಡಂ