ಊದುವ ಟೆಸ್ಟನ್ನಲ್ಲ, ನಡೆಯುವ ಟೆಸ್ಟನ್ನು ನೋಡು

ಪ್ರೀತಿಯ ಪುಟ್ಟಿ,

ನನ್ನ ರಿಪೋರ್ಟ್ ನೋಡಿ ನೀನು ಸಪ್ಪಗಾದದ್ದು ಫೋನಿನಲ್ಲೇ ಗೊತ್ತಾಯಿತು. "ಇಷ್ಟು ವಾರ ವ್ಯಾಯಾಮ ಮಾಡಿದರೂ ಊದುವ ಟೆಸ್ಟಿನ ನಂಬರ್ ಅಲ್ಲೇ ಇದೆಯಲ್ಲಮ್ಮ" ಅಂದೆ. ಜೋರಾಗಿ ಊದಿದಾಗ ಎಷ್ಟು ಗಾಳಿ ಹೊರಗೆ ಬರುತ್ತದೆ ಅಂತ ಹೇಳುವ ಆ ನಂಬರ್ ಅಲ್ಲೇ ಇರುತ್ತದೆ ಕಣೇ. ನನಗಿರುವ ಸಿಒಪಿಡಿ ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ, ಹಾಗೆ ಕಿರಿದಾದ ನಾಳ ವ್ಯಾಯಾಮದಿಂದ ಅಗಲ ಆಗುವುದಿಲ್ಲ. ಬಲ ಬರುವುದು ಕಾಲಿಗೆ. ಕಾಲು ಗಟ್ಟಿಯಾದರೆ ಅದೇ ಕೆಲಸಕ್ಕೆ ಏದುಸಿರು ಕಡಿಮೆ. ನೀನು ನೋಡಬೇಕಾದ ಹಾಳೆ ಆರು ನಿಮಿಷದ ನಡಿಗೆಯದ್ದು.

30 ಮೀಟರ್ ಉದ್ದದ ಕಾರಿಡಾರ್, ಎರಡೂ ತುದಿಗೆ ಕೋನ್. ಆರು ನಿಮಿಷದಲ್ಲಿ ಆದಷ್ಟು ದೂರ ನಡೆಯಬೇಕು. ಸುಸ್ತಾದರೆ ಗೋಡೆಗೆ ಒರಗಿ ನಿಲ್ಲಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಬೆರಳಿಗೆ ಆಕ್ಸಿಮೀಟರ್ ಹಾಕಿರುತ್ತಾರೆ. ಮೊದಲೂ ಕೊನೆಗೂ ಉಸಿರಾಟ ಎಷ್ಟು ಕಷ್ಟ ಅಂತ 0ಯಿಂದ 10ರೊಳಗೆ ನಾವೇ ಅಂಕ ಕೊಡಬೇಕು. ಫಿಸಿಯೋ ಹುಡುಗಿ ಪಕ್ಕದಲ್ಲಿ ನಡೆಯುವುದಿಲ್ಲ, ಅವಳ ವೇಗಕ್ಕೆ ನಾನು ಹೆಜ್ಜೆ ಹಾಕಿಬಿಡಬಾರದಲ್ಲ. ನಿಮಿಷಕ್ಕೊಮ್ಮೆ "ಚೆನ್ನಾಗಿ ಮಾಡ್ತಿದ್ದೀರಿ, ಇನ್ನು ನಾಲ್ಕು ನಿಮಿಷ ಇದೆ" ಅಂತಾಳೆ, ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟಿನ ಹಾಗೆ. ಯಾರಿಗಾದರೂ ಅಷ್ಟೇ ಮಾತು, ಅದೇ ದನಿ. ಹುರಿದುಂಬಿಸಿದರೆ ಜನ ಜಾಸ್ತಿ ನಡೆದುಬಿಡುತ್ತಾರೆ. ಆಮೇಲೆ ಹೋಲಿಸುವುದು ಹೇಗೆ?

ವ್ಯಾಯಾಮ ಶುರುವಾಗುವ ಮೊದಲು ಒಂದು ಸಲ ನಡೆಸಿ, ಅರ್ಧ ಗಂಟೆ ಕೂರಿಸಿ ಮತ್ತೊಂದು ಸಲ ನಡೆಸಿದರು. ನನಗೆ ಸಿಟ್ಟೇ ಬಂತು. ಕಾರಣ ಕೇಳಿದ ಮೇಲೆ ಮೆಚ್ಚಿಕೊಂಡೆ. ಎಷ್ಟು ಜೋರಾಗಿ ನಡೆಯಬಹುದು ಅಂತ ಅಂದಾಜು ಸಿಕ್ಕರೆ ಎರಡನೇ ಸಲ ತಾನಾಗೇ ದೂರ ಜಾಸ್ತಿ ಬರುತ್ತದೆ. ಅದನ್ನೂ ವ್ಯಾಯಾಮದ ಖಾತೆಗೆ ಜಮಾ ಮಾಡಿದರೆ ಸುಳ್ಳು ಲೆಕ್ಕ, ಅಲ್ವಾ? ಎರಡರಲ್ಲಿ ಜಾಸ್ತಿ ಬಂದದ್ದನ್ನೇ ಬರೆದುಕೊಂಡರು: 282 ಮೀಟರ್. ಈಗ 331.

49 ಮೀಟರ್ ಅಂದರೆ ಏನು ಮಹಾ ಅನ್ನಬೇಡ. ಸುಮಾರು 30 ಮೀಟರ್ ಏರಿದರೇ ಅದು ರೋಗಿಗೆ ಲೆಕ್ಕಕ್ಕೆ ಬರುವ ಬದಲಾವಣೆ ಅಂತ ಯುರೋಪ್ ಮತ್ತು ಅಮೆರಿಕದ ಶ್ವಾಸರೋಗ ತಜ್ಞರ ಸಂಘಗಳು 2014ರಲ್ಲೇ ಹೇಳಿವೆ. ನನಗೆ ಅದು ಗೊತ್ತಾದದ್ದು ಮೆಟ್ಟಿಲಲ್ಲಿ. ತರಕಾರಿ ಚೀಲ ಹಿಡಿದು ನಡುವೆ ನಿಲ್ಲದೆ ಹತ್ತುತ್ತೇನೆ.

ಸೈಕಲ್ ಟೆಸ್ಟಿನಲ್ಲಂತೂ ಈ ಸುಧಾರಣೆ ಇನ್ನೂ ಚೆನ್ನಾಗಿ ಕಾಣುತ್ತದಂತೆ. ವ್ಯಾಯಾಮಕ್ಕೆ ಮೊದಲೂ ಆಮೇಲೂ ಅಷ್ಟೇ ಭಾರ ಇಟ್ಟು ಎಷ್ಟು ಹೊತ್ತು ತುಳಿಯುತ್ತಾರೆ ಅಂತ ನೋಡುವುದು. ನಮ್ಮಲ್ಲಿ ಆ ಸೈಕಲ್ ಇಲ್ಲ.

ವ್ಯಾಯಾಮ ಬಿಟ್ಟರೆ ಗಳಿಸಿದ್ದು ಒಂದು ವರ್ಷದೊಳಗೆ ಕರಗುತ್ತಾ ಹೋಗುತ್ತದೆ ಅಂದಿದ್ದಾರೆ. ಹಾಗಾಗಿ ನೀನು ಹೇಳಿದ ಆ ದುಬಾರಿ ಮೆಷಿನ್ ಕಳಿಸಬೇಡ. ನಡೆಯುವ ಶೂ ಕಳಿಸು, 6ನೇ ನಂಬರ್, ಲೇಸ್ ಇಲ್ಲದ್ದು. ಬಗ್ಗಿದರೆ ಈಗಲೂ ಉಸಿರು ಕಟ್ಟುತ್ತದೆ.

ಇಂತಿ ನಿನ್ನ
ಅಮ್ಮ