ಹೂಮರದ ಕೆಳಗೆ ಕಲಾವಿದನಿಗೂ ಜಾಗವಿರಲಿ

ಮಾನ್ಯ ಸಂಪಾದಕರೇ,

ಬೆಂಗಳೂರಲ್ಲಿ ಟಬೂಬಿಯಾ ಹೂ ಬಿಟ್ಟಿತೆಂದರೆ ಎಲ್ಲರ ಮೊಬೈಲ್‌ನಲ್ಲೂ ಅದೇ ಫೋಟೊ. ಸಂತೋಷವೇ. ಆದರೆ ಇದೇ ಊರಿನ ಹೂಮರಗಳನ್ನು ಕ್ಯಾನ್ವಾಸಿಗೆ ಇಳಿಸಿದ ರುಮಾಲೆ ಚನ್ನಬಸವಯ್ಯನವರ (1910–1988) ಹೆಸರು ಎಷ್ಟು ಜನಕ್ಕೆ ಗೊತ್ತು? ಸ್ವಾತಂತ್ರ್ಯ ಚಳವಳಿಗೆ ಧುಮುಕಿ, ಎಷ್ಟೋ ವರ್ಷ ಕುಂಚ ಬದಿಗಿಟ್ಟವರು ಅವರು. ಮತ್ತೆ ಹಿಡಿದಾಗ ಕೋಣೆಯಲ್ಲಿ ಕೂರಲಿಲ್ಲ, ಮರವಿದ್ದ ಕಡೆಗೇ ಹೋಗಿ ಬರೆದರು.

ನಾನೂ ಚಿತ್ರ ಬರೆಯುವವನು. ಮಾರ್ಚ್ ಬಿಸಿಲಲ್ಲಿ ಜಲವರ್ಣ ಹರಡುವ ಮೊದಲೇ ಒಣಗಿಬಿಡುತ್ತದೆ. ಹಳದಿ ಹೂವಿನ ನೆರಳಿಗೆ ಕಪ್ಪು ಬೆರೆಸಿದರೆ ಪಾಚಿ ಬಣ್ಣ ಬರುತ್ತದೆ. ಅಲ್ಲಿಗೆ ಬೇಕಾದ್ದು ಚೂರೇ ಚೂರು ನೇರಳೆ. ಇದನ್ನು ಫೋಟೊ ನೋಡಿ ಕಲಿಯಲು ಆಗುವುದಿಲ್ಲ. ಸ್ಫೂರ್ತಿ ಬರಲಿ ಅಂತ ಸುಮ್ನೆ ಕಾಯುವವರನ್ನು ಕಂಡರೆ ನನಗೆ ನಗು. ಬಿಸಿಲೇರುವ ಮುಂಚೆ ಹೋಗಿ ಕೂತರೆ ಅರ್ಧ ಕೆಲಸ ಆದಂತೆ.

ಕೂರಲು ಬಿಡಬೇಕಲ್ಲ! ಸೆಲ್ಫಿಗೆ ಅಡ್ಡಿಯಿಲ್ಲದ ಉದ್ಯಾನವೊಂದರಲ್ಲಿ, ಈಸೆಲ್ (ಚಿತ್ರದ ಹಲಗೆ ಇಡುವ ಸ್ಟ್ಯಾಂಡ್) ನಿಲ್ಲಿಸಿದ್ದಕ್ಕೆ 'ಪರ್ಮಿಷನ್ ಲೆಟರ್ ಎಲ್ಲಿ?' ಎಂದು ನನ್ನನ್ನು ಎಬ್ಬಿಸಿ ಕಳಿಸಿದರು. ಜನವರಿಯಲ್ಲಿ ಚಿತ್ರಸಂತೆ ನಡೆದಾಗ ಕುಮಾರಕೃಪಾ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿ ಮಾರಾಟವಾಗುವ ಚಿತ್ರ ಎಲ್ಲೋ ಕೂತು ಬರೆದದ್ದೇ ಅಲ್ವಾ?

ಉದ್ಯಾನಗಳಲ್ಲಿ ಚಿತ್ರ ಬರೆಯಲು ಅನುಮತಿ ಬೇಕಿಲ್ಲ ಎಂದು ಗೇಟಿನ ಫಲಕದಲ್ಲೇ ಬರೆಸಲಿ. ಹೂ ಬಿಡುವ ತಿಂಗಳಲ್ಲಿ ಶಾಲಾ ಮಕ್ಕಳನ್ನೂ ಬಣ್ಣದ ಡಬ್ಬಿ ಸಮೇತ ಕರೆತರಲಿ.

– ಒಬ್ಬ ಚಿತ್ರ ಕಲಾವಿದ, ಬೆಂಗಳೂರು