ಅವ್ವನ ಕಣ್ಣು ಮತ್ತು ನನ್ನ ರವಿವಾರಗಳು

ಸ್ಟುಟ್‌ಗಾರ್ಟ್, ಜರ್ಮನಿ,
ರವಿವಾರ, 15 ಜೂನ್ 2025

ಪೂಜ್ಯ ಅಪ್ಪನವರ ಹಾಗೂ ಅವ್ವನ ಪಾದಗಳಿಗೆ ನಿಮ್ಮ ಮಗಳ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಜ್ಜಿಗೆ, ಶಿವು ಕಾಕಾನಿಗೆ ಮತ್ತು ಕಾಕುವಿಗೆ ನನ್ನ ನಮಸ್ಕಾರ ತಿಳಿಸಿರಿ, ಪುಟ್ಟಿಗೆ ಆಶೀರ್ವಾದ.

ನಿಮ್ಮ ಪತ್ರ ಬುಧವಾರ ಕೈಸೇರಿತು. ನಾಲ್ಕು ಪುಟಗಳಲ್ಲಿ ಮೂರೂವರೆ ಪುಟ ನನ್ನ ತಿರುಗಾಟದ ಕುರಿತಾಗಿಯೇ ಇದೆ. ಉಳಿದ ಅರ್ಧ ಪುಟದಲ್ಲಿ, ಮುಗಿಸುವ ಹೊತ್ತಿಗೆ ನೆನಪಾಯಿತೆಂಬಂತೆ, ಅವ್ವನ ಎರಡೂ ಕಣ್ಣುಗಳಿಗೆ ಪೊರೆ ಬಂದಿದೆ, ಬಲಗಣ್ಣಿನದು ಹೆಚ್ಚಾಗಿದೆ, ವೈದ್ಯರು ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿಕೊಳ್ಳಲು ಹೇಳಿದರೂ ಅವ್ವ "ಮಗಳ ಓದು ಮುಗಿಯಲಿ, ಆಮೇಲೆ ನೋಡೋಣ" ಎಂದು ಮುಂದೂಡಿದ್ದಾಳೆ ಎಂದು ಬರೆದಿದ್ದೀರಿ. ಆ ಅರ್ಧ ಪುಟವನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮೇ ತಿಂಗಳಲ್ಲಿ ಉಲ್ಮ್ ಊರಿನ ಚರ್ಚಿನ ಚಿತ್ರವನ್ನು ಕಳಿಸಿದಾಗ "ಅಲ್ಲಿ ಇಷ್ಟು ಮಂಜು ಬೀಳುತ್ತದೇನು, ಸ್ವೆಟರ್ ಹಾಕಿಕೊಂಡಿದ್ದಿಯೋ ಇಲ್ಲವೋ" ಎಂದು ಅವ್ವ ಕೇಳಿದ್ದಳು. ಆ ದಿನ ಉಲ್ಮ್‌ನಲ್ಲಿ ಕಣ್ಣು ಕುಕ್ಕುವಷ್ಟು ಬಿಸಿಲಿತ್ತು. ಚಿತ್ರ ಚಿಕ್ಕದಾಗಿ ಕಂಡಿರಬೇಕೆಂದು ಎಣಿಸಿ ನಾನು ಸುಮ್ಮನಾದೆ. ಮಂಜು ಇದ್ದದ್ದು ಎಲ್ಲಿ ಎಂಬುದು ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು. ಅಂದೇ ಎರಡು ಮಾತು ಹೆಚ್ಚಿಗೆ ಕೇಳದೇ ಹೋದೆನಲ್ಲ ಎಂಬ ನೋವು ಇನ್ನೂ ಹೋಗಿಲ್ಲ.

ನೀವು ಹಾಗೆಂದು ಬರೆದಿಲ್ಲ, ಆದರೆ ಅವ್ವ ಚಿಕಿತ್ಸೆಯನ್ನು ಮುಂದೂಡಿದ್ದು ಹಣದ ಚಿಂತೆಯಿಂದ, ಆ ಹಣವೆಲ್ಲ ನನ್ನ ತಿರುಗಾಟಕ್ಕೆ ಸೋರಿಹೋಗುತ್ತಿದೆ ಎಂದು ಓಣಿಯ ಮಂದಿ ಆಡಿಕೊಂಡದ್ದರಿಂದ ಎಂದು ನನಗೆ ಅನ್ನಿಸಿದೆ. ಆದ್ದರಿಂದ ಮೊದಲು ಲೆಕ್ಕ ಒಪ್ಪಿಸುತ್ತೇನೆ. ನೀವು ಸಾಲ ಮಾಡಿ ಇಲ್ಲಿನ ಬ್ಯಾಂಕಿನ ತಡೆ ಖಾತೆಯಲ್ಲಿಟ್ಟ 11,904 ಯೂರೋದಲ್ಲಿ ತಿಂಗಳಿಗೆ 992 ಯೂರೋ ಮಾತ್ರ ನನ್ನ ಕೈಗೆ ಬರುತ್ತದೆ. ಬಾಡಿಗೆ, ಆರೋಗ್ಯ ವಿಮೆ, ಊಟ ಮತ್ತು ಯುರೋಪಿನ ಹೊರಗಿನಿಂದ ಬಂದ ವಿದ್ಯಾರ್ಥಿಗಳು ಈ ರಾಜ್ಯದಲ್ಲಿ ಪ್ರತಿ ಸೆಮಿಸ್ಟರಿಗೆ ಕಟ್ಟಬೇಕಾದ 1500 ಯೂರೋ ಶುಲ್ಕಕ್ಕೆ ಎತ್ತಿಡುವ ಪಾಲು, ಇವಿಷ್ಟಕ್ಕೇ ಅದು ಸರಿಹೋಗುತ್ತದೆ. ಪ್ರವಾಸಕ್ಕೆ ಅದರಿಂದ ನಾನು ಒಂದು ಸೆಂಟನ್ನೂ ಮುಟ್ಟಿಲ್ಲ. ವಿದ್ಯಾರ್ಥಿಗಳ ಊಟದ ಮನೆಯಲ್ಲಿ ವಾರಕ್ಕೆ ಎರಡು ಸಂಜೆ, ನಾಲ್ಕು ನಾಲ್ಕು ತಾಸು ಕೆಲಸ ಮಾಡುತ್ತೇನೆ. ಈ 2025ರಲ್ಲಿ ಕಾನೂನಿನ ಪ್ರಕಾರ ತಾಸಿಗೆ ಕನಿಷ್ಠ 12.82 ಯೂರೋ ಕೊಡಲೇಬೇಕಾದ್ದರಿಂದ ವಾರಕ್ಕೆ ನೂರು ಯೂರೋಗಿಂತ ತುಸು ಹೆಚ್ಚು ಪಗಾರ ಬರುತ್ತದೆ. ವರ್ಷಕ್ಕೆ 280 ಅರ್ಧ ದಿನಗಳವರೆಗೆ ದುಡಿಯಲು ನಮಗೆ ಅನುಮತಿಯಿದೆ, ನಾನು ಅದರ ಅರ್ಧವನ್ನೂ ಬಳಸಿಲ್ಲ, ಹೀಗಾಗಿ ಓದಿಗೆ ತೊಂದರೆಯೇನೂ ಇಲ್ಲ.

ಈ ದೇಶದಲ್ಲಿ ಒಂದು ಅಪರೂಪದ ವ್ಯವಸ್ಥೆಯಿದೆ. ತಿಂಗಳಿಗೆ ಒಂದೇ ಟಿಕೆಟ್ ಕೊಂಡರೆ ಇಡೀ ಜರ್ಮನಿಯ ಬಸ್ಸು, ಟ್ರಾಮು ಮತ್ತು ನಿಧಾನ ರೈಲುಗಾಡಿಗಳಲ್ಲಿ ಎಷ್ಟು ಬೇಕಾದರೂ ಓಡಾಡಬಹುದು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾದದ್ದು ಈ 2025ರ ಜನವರಿಯಿಂದ 58 ಆಗಿದೆ, ವಿದ್ಯಾರ್ಥಿಗಳಿಗೆ ಅದಕ್ಕೂ ಕಡಿಮೆ. ತರಗತಿಗೆ ಹೋಗಿಬರಲು ಅದನ್ನು ಹೇಗೂ ಕೊಳ್ಳಬೇಕು, ಅದರಲ್ಲಿಯೇ ರವಿವಾರದ ಪ್ರಯಾಣವೂ ಸೇರಿದೆ. ರವಿವಾರ ಇಲ್ಲಿ ಕಿರಾಣಿ ಅಂಗಡಿ ಮೊದಲಾಗಿ ಬಹುತೇಕ ಎಲ್ಲ ಅಂಗಡಿಗಳೂ ಮುಚ್ಚಿರುತ್ತವೆ, ಕೋಣೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಸದ್ದಾದರೂ ನೆರೆಯವರು ಬಂದು ಕೇಳುತ್ತಾರೆ. ಅಂಥ ಮೌನದಲ್ಲಿ ಒಬ್ಬಳೇ ಕುಳಿತರೆ ಮನೆಯ ನೆನಪು ತಡೆಯಲಾಗುವುದಿಲ್ಲ. ಅಪ್ಪಾ, ನಾನು ಹೊರಗೆ ಹೊರಡಲು ಮೊದಲ ಕಾರಣ ಇದೇ ಆಗಿತ್ತು.

ಕಾಕು ಕೊಟ್ಟು ಕಳಿಸಿದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿ ಮಾರ್ಚ್ ಕೊನೆಯವರೆಗೂ ಬಂದವು. ಅವನ್ನೇ ಕಟ್ಟಿಕೊಂಡು ಗೆಳತಿಯರ ಜೊತೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನೋಡಿಬಂದೆ. ಗಡಿಯ ಕೇಲ್ ಊರಿನವರೆಗೆ ನಮ್ಮ ಟಿಕೆಟ್ ನಡೆಯುತ್ತದೆ, ಅಲ್ಲಿಂದ ಪಾದಚಾರಿಗಳಿಗೂ ಸೈಕಲ್ಲಿನವರಿಗೂ ಎಂದೇ ಕಟ್ಟಿರುವ ಸೇತುವೆಯ ಮೇಲೆ ರೈನ್ ನದಿಯನ್ನು ನಡೆದೇ ದಾಟಿದರೆ ಇನ್ನೊಂದು ದೇಶ. ಕಾಗದಪತ್ರದ ತೊಡಕಾದೀತೆಂಬ ಚಿಂತೆ ನಿಮಗೆ ಬೇಡ. ನನ್ನ ಇಲ್ಲಿಯ ವಾಸದ ಪರವಾನಿಗೆಯಿಂದ ಯುರೋಪಿನ ದೇಶಗಳು ತಮ್ಮೊಳಗೆ ಗಡಿ ತೆರೆದಿಡಲು ಮಾಡಿಕೊಂಡ ಷೆಂಗೆನ್ ಒಪ್ಪಂದದ ಬೇರೆ ದೇಶಗಳಲ್ಲಿ 180 ದಿನಗಳಲ್ಲಿ 90 ದಿನಗಳವರೆಗೆ ಓಡಾಡಬಹುದು, ಪಾಸ್‌ಪೋರ್ಟ್ ಸದಾ ಜೊತೆಯಲ್ಲಿಯೇ ಇರುತ್ತದೆ. ಸ್ಟ್ರಾಸ್‌ಬರ್ಗ್‌ನ ಚರ್ಚಿನ ಗೋಪುರ 142 ಮೀಟರ್. ಅದರ ಕೆಂಗಲ್ಲಿನ ಕೆತ್ತನೆಯನ್ನು ನೋಡಿದಾಗ ನನಗೆ ಬಾದಾಮಿಯ ಬಂಡೆಗಳ ಬಣ್ಣ ನೆನಪಾಯಿತು. ಒಂದೇ ಗೋಪುರವಿದೆ, ಜೋಡಿಯಾಗಿ ಇನ್ನೊಂದನ್ನು ಕಟ್ಟಲೇ ಇಲ್ಲ, ಆದರೂ ಕೊರತೆಯೆನ್ನಿಸುವುದಿಲ್ಲ. ಎದುರಿನ ಚೌಕದಲ್ಲಿ ಕುಳಿತು ರೊಟ್ಟಿ ಮುರಿದು ತಿಂದೆವು. ಆ ದಿನ ನನ್ನ ಕೈಯಿಂದ ಖರ್ಚಾದದ್ದು ಶೌಚಾಲಯಕ್ಕೆ ಕೊಟ್ಟ ಚಿಲ್ಲರೆ ಮಾತ್ರ, ಇಲ್ಲಿ ಅದಕ್ಕೂ ದುಡ್ಡು ತೆರಬೇಕು.

ಉಲ್ಮ್‌ನ ವಿಷಯವನ್ನು ಅವ್ವನಿಗಾಗಿ ಬರೆಯುತ್ತೇನೆ, ಓದಿ ಹೇಳಿರಿ. ಅವ್ವಾ, ನಿನಗೆ ಮಂಜಿನಲ್ಲಿ ಕಂಡ ಆ ಚರ್ಚು 161.5 ಮೀಟರ್ ಎತ್ತರವಿದೆ, ನಾವು ವಿಜಯಪುರದಲ್ಲಿ ನೋಡಿದ ಗೋಲಗುಮ್ಮಟದ ಸುಮಾರು ಮೂರು ಪಟ್ಟು. 2025ರ ಈ ಜೂನ್‌ನಲ್ಲಿ ಜಗತ್ತಿನಲ್ಲಿಯೇ ಅತಿ ಎತ್ತರದ ಚರ್ಚು ಅದು, ಬಾರ್ಸಿಲೋನಾದಲ್ಲಿ ಕಟ್ಟುತ್ತಿರುವ ಇನ್ನೊಂದು ಬೇಗನೆ ಅದನ್ನು ಮೀರಲಿದೆ. 1377ರಲ್ಲಿ ಅಡಿಪಾಯ ಹಾಕಿದವರ ಕೆಲಸ ಪೂರ್ತಿಯಾದದ್ದು 1890ರಲ್ಲಿ, ಅಂದರೆ ಐದು ನೂರು ವರ್ಷಗಳಿಗೂ ಮೇಲೆ. ತಳದಿಂದ ಗೋಪುರದ ಮೇಲಿನ ವೀಕ್ಷಣೆಯ ಕಟ್ಟೆಯವರೆಗೆ 768 ಮೆಟ್ಟಿಲುಗಳಿವೆ. ಆ ಊರಿನ ಮಂದಿ ಗುಬ್ಬಿಯನ್ನು ಬಹಳ ಪ್ರೀತಿಸುತ್ತಾರೆ. ಉದ್ದನೆಯ ತೊಲೆಯನ್ನು ಅಡ್ಡ ಹಿಡಿದು ಊರಬಾಗಿಲಿನಲ್ಲಿ ಸಿಕ್ಕಿಬಿದ್ದವರಿಗೆ, ಹುಲ್ಲುಕಡ್ಡಿಯನ್ನು ಉದ್ದಕ್ಕೆ ಕಚ್ಚಿಕೊಂಡು ಗೂಡಿನೊಳಗೆ ಹೋದ ಗುಬ್ಬಿಯೊಂದು ದಾರಿ ತೋರಿಸಿತಂತೆ. ಚರ್ಚಿನ ಮಾಡಿನ ಮೇಲೆ ಆ ಗುಬ್ಬಿಯ ಮೂರ್ತಿಯನ್ನೇ ಇಟ್ಟಿದ್ದಾರೆ. ನಾನು ಕಳಿಸಿದ ಚಿತ್ರದಲ್ಲಿಯೂ ಆ ಗುಬ್ಬಿಯಿದೆ, ಆದರೆ ನಿನಗೆ ಕಂಡಿರಲಿಕ್ಕಿಲ್ಲ.

ಅಪ್ಪಾ, ನಿಮಗಾಗಿ ಹೋದ ಊರುಗಳು ಬೇರೆ. "ಊರೂರು ಸುತ್ತುವುದರಿಂದ ಏನು ಕಲಿತೆ" ಎಂದು ಕೇಳಿದ್ದೀರಿ. ನಮ್ಮ ಧಾರವಾಡದಲ್ಲಿ ಕಿಟೆಲ್ ಎಂದರೆ ಮೊದಲು ಕಾಲೇಜು ನೆನಪಾಗುತ್ತದೆ, ನಮ್ಮ ಮನೆಯಲ್ಲಾದರೆ ನಿಮ್ಮ ಮೇಜಿನ ಮೇಲಿನ ಆ ದಪ್ಪ ನಿಘಂಟು. 1853ರಲ್ಲಿ ಭಾರತಕ್ಕೆ ಬಂದು, 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಕೋಶವನ್ನು ಮಂಗಳೂರಿನಲ್ಲಿ ಅಚ್ಚುಮಾಡಿಸಿದ ಫರ್ಡಿನಾಂಡ್ ಕಿಟೆಲ್ ಅವರು ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಟ್ಯೂಬಿಂಗೆನ್ ಇಲ್ಲಿಂದ ಗಾಡಿಯಲ್ಲಿ ಒಂದು ತಾಸಿನ ದಾರಿ. ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟ ಅಲ್ಲಿನ ವಿಶ್ವವಿದ್ಯಾಲಯ 1477ರಲ್ಲಿ ಸ್ಥಾಪನೆಯಾದದ್ದು. ನೆಕರ್ ನದಿಯ ದಂಡೆಯಲ್ಲಿ ಹಳದಿ ಬಣ್ಣದ ಒಂದು ಗೋಪುರವಿದೆ, ಹ್ಯೋಲ್ಡರ್ಲೀನ್ ಎಂಬ ಮಹಾಕವಿ ಮನಸ್ಸಿನ ಅಸ್ವಸ್ಥತೆಯಿಂದ ಬಳಲುತ್ತ 36 ವರ್ಷ ಬದುಕಿದ್ದು ಅಲ್ಲಿಯೇ. ನದಿಯಲ್ಲಿ ಉದ್ದನೆಯ ದೋಣಿಗಳನ್ನು ಗಳ ಊರಿ ನಡೆಸುತ್ತಾರೆ. ಎಲ್ಲರೂ ಅದನ್ನು ನೋಡುತ್ತಿದ್ದರೆ ನಾನು ಮಾತ್ರ ಕಲ್ಲು ಹಾಸಿದ ಏರು ಓಣಿಗಳಲ್ಲಿ ನಡೆಯುತ್ತ, ಈ ಊರಿನ ಯಾವುದೋ ಮನೆಯಲ್ಲಿ ಕುಳಿತು ವಯಸ್ಸಾದ ಒಬ್ಬರು ಕನ್ನಡದ ವ್ಯಾಕರಣ ಬರೆಯುತ್ತಿದ್ದರಲ್ಲ ಎಂದು ಯೋಚಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಪರದೇಶ ಎಂಬ ಭಾವನೆ ಮೊದಲ ಸಲ ಸಡಿಲಾದದ್ದು ಅಂದು. 1843ರಲ್ಲಿ "ಮಂಗಳೂರ ಸಮಾಚಾರ" ಪತ್ರಿಕೆಯನ್ನು ಆರಂಭಿಸಿದ ಹರ್ಮನ್ ಮೋಗ್ಲಿಂಗ್ ಅವರು 1881ರಲ್ಲಿ ತೀರಿಕೊಂಡ ಎಸ್ಲಿಂಗೆನ್ ಇನ್ನೂ ಹತ್ತಿರ, ಅಲ್ಲಿಗೆ ತರಗತಿ ಮುಗಿಸಿ ಸಂಜೆಯೇ ಹೋಗಿಬರಬಹುದು. ಇವನ್ನೆಲ್ಲ ನೀವು ಪಾಠ ಹೇಳುತ್ತಿದ್ದಿರಿ, ನಾನು ನಿಮ್ಮ ಪರವಾಗಿ ನೋಡಿಬಂದೆ.

ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದದ್ದು ಮಾತ್ರ ಸ್ವಲ್ಪ ದೂರವಾಯಿತು. ನಿಧಾನ ಗಾಡಿಗಳಲ್ಲಿ ಹೋಗಲು ನಾಲ್ಕು ತಾಸುಗಳ ಸಮೀಪ ಬೇಕು. ಆದರೆ 1815ರಲ್ಲಿ ಸ್ಥಾಪನೆಯಾದ, ಕಿಟೆಲ್ ಮತ್ತು ಮೋಗ್ಲಿಂಗ್ ಇಬ್ಬರನ್ನೂ ನಮ್ಮ ನಾಡಿಗೆ ಕಳಿಸಿದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಕಟ್ಟಡವನ್ನು ನೋಡದೆ ಹೇಗಿರಲಿ? ನಮ್ಮ ಹಳ್ಳಿಯ ಮನೆಯ ಮೇಲಿರುವ ಮಂಗಳೂರು ಹಂಚಿನ ಕಥೆ ಶುರುವಾದದ್ದು ಆ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ. ಅಲ್ಲಿ ರೈನ್ ನದಿಯನ್ನು ದಾಟಿಸುವ ದೋಣಿಗೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ಈ ದಂಡೆಯಿಂದ ಆ ದಂಡೆಗೆ ಎಳೆದು ಕಟ್ಟಿದ ತಂತಿಗೆ ದೋಣಿಯನ್ನು ಬಿಗಿದಿರುತ್ತಾರೆ, ಅಂಬಿಗ ಅದನ್ನು ಓರೆಯಾಗಿ ನಿಲ್ಲಿಸಿದರೆ ಹರಿಯುವ ನೀರೇ ಆಚೆ ದಂಡೆಗೆ ತಳ್ಳುತ್ತದೆ. ನಮ್ಮ ಮಲಪ್ರಭೆಗೆ ಇಂಥದೊಂದು ಇದ್ದಿದ್ದರೆ ಎಂದು ಅನ್ನಿಸಿತು. ಬೆಲೆಗಳಂತೂ ಅಲ್ಲಿ ವಿಪರೀತ, ನೀರನ್ನು ಕೂಡ ಬೀದಿಯ ಕಾರಂಜಿಯಿಂದಲೇ ಹಿಡಿದು ಕುಡಿದೆವು. ಕಾರಂಜಿಯ ನೀರು ಬಹಳ ಶುದ್ಧ, ಭಯಪಡಬೇಡಿರಿ.

ಇನ್ನು ಮುಖ್ಯ ಮಾತು. ಪೊರೆ ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು ಎಂದು ಅಜ್ಜಿ ಹೇಳುತ್ತಾರೆಂದು ಬರೆದಿದ್ದೀರಿ. ಅಜ್ಜಿಯ ಕಾಲದಲ್ಲಿ ಅದು ನಿಜವಿತ್ತು. ಈಗ ಮಸುಕಾದ ಮಸೂರವನ್ನು ಸಣ್ಣ ರಂಧ್ರದ ಮೂಲಕ ತೆಗೆದು ಕೃತಕ ಮಸೂರವನ್ನು ಕೂಡಿಸುತ್ತಾರೆ, ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಮುಗಿಯುತ್ತದೆ, ಹೆಚ್ಚಿನವರು ಅದೇ ದಿನ ಮನೆಗೆ ಬರುತ್ತಾರೆ. ತೀರ ಬಲಿಯಲು ಬಿಟ್ಟರೆ ಮಸೂರ ಗಟ್ಟಿಯಾಗಿ ತೆಗೆಯುವುದು ಕಷ್ಟವಾಗುತ್ತದೆ, ಕೆಲವರಿಗೆ ಕಣ್ಣಿನ ಒತ್ತಡವೂ ಏರುತ್ತದೆ. ಅವ್ವನಿಗೆ ಸಕ್ಕರೆ ಕಾಯಿಲೆಯಿದೆ, ಆದ್ದರಿಂದ ಮೊದಲು ಸಕ್ಕರೆಯನ್ನು ಹತೋಟಿಗೆ ತರಬೇಕು, ಕಣ್ಣಿನ ಹಿಂಭಾಗದ ಪರದೆಯನ್ನೂ ಪರೀಕ್ಷಿಸಲು ವೈದ್ಯರಿಗೆ ಹೇಳಬೇಕು. ಪೊರೆ ಎಂದರೆ ಕಾಪಾಡು ಎಂಬ ಅರ್ಥವೂ ಇದೆಯೆಂದು ನೀವೇ ಕಲಿಸಿದ್ದಿರಿ. ನಮ್ಮನ್ನೆಲ್ಲ ಪೊರೆದವಳ ಕಣ್ಣಿನ ಪೊರೆಯನ್ನು ತೆಗೆಸಲು ನನ್ನ ಓದು ಮುಗಿಯುವವರೆಗೆ ಕಾಯಬೇಕೆಂದರೆ ಆ ಓದು ನನಗೆ ಹಿಡಿಸುವುದಿಲ್ಲ.

ನಿನ್ನೆ ನಿಮ್ಮ ಖಾತೆಗೆ 400 ಯೂರೋ ಕಳಿಸಿದ್ದೇನೆ. ಅದು ನನ್ನ ಪಗಾರದಲ್ಲಿ ಉಳಿಸಿದ್ದು, ಸಾಲದ ಹಣವಲ್ಲ. ಒಂದು ಯೂರೋ ನೂರು ರೂಪಾಯಿಯ ಸಮೀಪವಿದೆ, ಹೀಗಾಗಿ ವೈದ್ಯರು ಹೇಳಿದ 35,000 ಅದರಲ್ಲಿಯೇ ಮುಗಿದು ಔಷಧಕ್ಕೂ ಉಳಿಯುತ್ತದೆ. ದಯವಿಟ್ಟು ಅದನ್ನು ಬ್ಯಾಂಕಿನ ಕಂತಿಗೆ ಕಟ್ಟಬೇಡಿರಿ. ನಾನು ಉಪವಾಸವಿದ್ದು ಉಳಿಸಿದೆನೆಂದು ಅವ್ವ ಅಳಬಾರದು, ಮೂರು ಹೊತ್ತೂ ಹೊಟ್ಟೆತುಂಬ ಉಣ್ಣುತ್ತೇನೆ, ತೂಕ ಎರಡು ಕಿಲೋ ಹೆಚ್ಚಾಗಿದೆ. ನಾನು ತಿರುಗುವುದನ್ನು ಬಿಟ್ಟೆನೆಂದೂ ಅವಳು ನೊಂದುಕೊಳ್ಳಬಾರದು. ಟಿಕೆಟ್ ಹೇಗೂ ಇದೆ, ನಾನು ಹೋಗುತ್ತಲೇ ಇರುತ್ತೇನೆ, ಒಬ್ಬಳೇ ಹೋಗುವುದಿಲ್ಲ, ಕತ್ತಲಾಗುವುದರೊಳಗೆ ಮರಳುತ್ತೇನೆ, ಇಲ್ಲಿ ಈಗ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ.

ಚಿಕಿತ್ಸೆಯ ನಂತರ ಅವ್ವ ಕೆಲವು ದಿನ ಬಗ್ಗಿ ಕಸ ಗುಡಿಸುವುದು, ಕೊಡ ಎತ್ತುವುದು, ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದು ಏನನ್ನೂ ಮಾಡಕೂಡದು, ಕಣ್ಣಿಗೆ ನೀರು ತಾಗಕೂಡದು. ಹನಿ ಹಾಕುವ ಕೆಲಸ ಪುಟ್ಟಿಯದು, ಹೊತ್ತು ಬರೆದಿಟ್ಟು ತಪ್ಪದೆ ಹಾಕಲಿ, ಹಾಕುವ ಮೊದಲು ಕೈ ತೊಳೆದುಕೊಳ್ಳಲಿ. ಕಾಕುವಿಗೆ ಎರಡು ವಾರ ನಮ್ಮ ಮನೆಯಲ್ಲಿಯೇ ಇರಲು ಕೇಳಿಕೊಳ್ಳಿರಿ. ನೋವು ಅಥವಾ ಕೆಂಪು ಹೆಚ್ಚಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿರಿ. ಮೊದಲು ಬಲಗಣ್ಣು, ಅದು ಗುಣವಾದ ಮೇಲೆ ಎಡಗಣ್ಣು. ಶ್ರಾವಣ ಹಿಡಿಯುವುದರೊಳಗೆ ಮೊದಲನೆಯದು ಮುಗಿಯಬೇಕು. ದಿನ ಗೊತ್ತಾದ ಕೂಡಲೇ ಫೋನ್ ಮಾಡಿರಿ, ನನಗೆ ತರಗತಿಯಿದ್ದರೂ ಎತ್ತುತ್ತೇನೆ.

ತನ್ನ ಓದು ಮುಗಿಸಿ ನಾಳೆ ಊರಿಗೆ ಹೊರಟಿರುವ ಹುಬ್ಬಳ್ಳಿಯ ಗೆಳತಿಯ ಕೈಯಲ್ಲಿ ಈ ಪತ್ರವನ್ನು ಕೊಡುತ್ತಿದ್ದೇನೆ. ಉಲ್ಮ್‌ನ ಆ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕಿಸಿ ಇದರ ಜೊತೆ ಇಟ್ಟಿದ್ದೇನೆ, ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅವ್ವನಿಗೆ ಕೊಡಿರಿ. ಮಾಡಿನ ನಡುವೆ ಗುಬ್ಬಿಯಿದೆ, ಹುಡುಕಲಿ. ಗೆಳತಿ ಕೆಳಗೆ ಬಂದು ಕರೆಯುತ್ತಿದ್ದಾಳೆ, ಪುಟ್ಟಿ ಕೇಳಿದ ಬಣ್ಣದ ಪೆನ್ಸಿಲ್‌ಗಳನ್ನು ಇನ್ನೂ ಕಟ್ಟಬೇಕು. ನಾನು ಚೆನ್ನಾಗಿದ್ದೇನೆ, ಬಹಳ ಚೆನ್ನಾಗಿದ್ದೇನೆ, ನನ್ನ ಚಿಂತೆ ಬೇಡ. ದಿನ ಗೊತ್ತುಮಾಡಿರಿ.

ನಿಮ್ಮ ಪ್ರೀತಿಯ ಮಗಳು